ಬಾಣದ ಗುರುತು ಕಿವಿಗೆ ಕೇಳಿಸಬೇಕು

ಮುಕ್ಕುಂದ, ಸಿಂಧನೂರು ಸೀಮೆಯ ರೈತರನ್ನು ಕಾಲುವೆ ನೀರಿನ ದಾರಿ ಕೇಳಿ ನೋಡಿ. ತುಂಗಭದ್ರಾ ಡ್ಯಾಮು, ಎಡದಂಡೆ ಮುಖ್ಯ ಕಾಲುವೆ, ಅಲ್ಲಿಂದ ಉಪಕಾಲುವೆ, ತೂಬು, ಹೊಲಗಾಲುವೆ, ಗದ್ದೆ. ಕವಲುಗಳ ಸಮೇತ ಬಾಯಲ್ಲೇ ಹೇಳಿಬಿಡುತ್ತಾರೆ, ಚಿತ್ರ ಬೇಕಿಲ್ಲ.

ಅದೇ ಮಾಹಿತಿ ವೆಬ್‌ಸೈಟಿಗೆ ಬಂದರೆ ಚೌಕ, ಬಾಣಗಳ ಒಂದು ಜೆಪಿಜಿ ಆಗಿಬಿಡುತ್ತದೆ. ಅರ್ಜಿ ಹಾಕುವ ಕ್ರಮದ ಫ್ಲೋಚಾರ್ಟ್‌ಗಳದ್ದೂ ಬಹಳ ಕಡೆ ಇದೇ ಪಾಡು. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ಫೋನಿನ ಸ್ಕ್ರೀನ್ ರೀಡರ್ 'ಚಿತ್ರ' ಎಂದು ಹೇಳಿ ಮುಂದೆ ಹೋಗುತ್ತದೆ. ಕವಲು ಎಲ್ಲಿ ಒಡೆಯಿತೋ ಅವರಿಗೆ ತಿಳಿಯುವುದೇ ಇಲ್ಲ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದ ಮೇಲೂ ಹೀಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪರಿಹಾರ ಕಷ್ಟದ್ದಲ್ಲ. ಮೊದಲು ಹಂತಗಳಿಗೆ ಸಂಖ್ಯೆ ಕೊಟ್ಟು ಮಾತಿನಲ್ಲಿ ಬರೆಯಿರಿ, ಚಿತ್ರ ಆಮೇಲೆ. ಉದಾಹರಣೆಗೆ: '2. ಪಹಣಿ ನಿಮ್ಮ ಹೆಸರಿನಲ್ಲಿದೆಯೇ? ಹೌದಾದರೆ 3ಕ್ಕೆ, ಇಲ್ಲವಾದರೆ 6ಕ್ಕೆ ಹೋಗಿ.' ಆ 3, 6 ಒತ್ತಿದರೆ ನೇರ ಆ ಹಂತಕ್ಕೇ ಹೋಗುವ ಕೊಂಡಿಗಳಾಗಿರಲಿ. ಚಿತ್ರದ ಆಲ್ಟ್ ಪಠ್ಯದಲ್ಲಿ, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ಬರಹದಲ್ಲಿ, ಇಡೀ ಪುರಾಣ ತುರುಕಬೇಡಿ. ಅದು ಯಾವುದರ ಚಿತ್ರ, ವಿವರ ಎಲ್ಲಿದೆ ಎಂದಷ್ಟೇ ಹೇಳಿದರೆ ಸಾಕು. 'ಹೌದು' 'ಇಲ್ಲ'ಗಳನ್ನು ಹಸಿರು ಕೆಂಪಿನಲ್ಲಷ್ಟೇ ತೋರಿಸದೆ ಅಕ್ಷರದಲ್ಲೂ ಬರೆಯಿರಿ, ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಥರ ಕಾಣಬಹುದು. ಜೆಪಿಜಿ ಬದಲು ಎಸ್‌ವಿಜಿ ಬಳಸಿದರೆ ಎಷ್ಟು ಹಿಗ್ಗಿಸಿದರೂ ಅಕ್ಷರ ಮಸುಕಾಗುವುದಿಲ್ಲ. ಚಿಕ್ಕ ಫೋನಿನಲ್ಲಿ ಓದುವ ವಯಸ್ಸಾದವರಿಗೂ ಇದು ಬೇಕು. ನೆಟ್‌ವರ್ಕ್ ನಿಧಾನವಿರುವ ಹಳ್ಳಿಯಲ್ಲಂತೂ ಚಿತ್ರ ತೆರೆಯುವ ಮೊದಲೇ ಬರಹದ ಪಟ್ಟಿ ಬಂದಿರುತ್ತದೆ.