ಪೊರಕೆ ಕಡ್ಡಿಗೆ ತೆರೆದ ಬೀಗ

ಬೀಗದ ಕೈ ಗೊಂಚಲು ಸೊಂಟದಲ್ಲಿದ್ದರೆ ಮನೆಯೆಲ್ಲ ನಮ್ಮ ಕೈಯಲ್ಲಿದ್ದಂತೆ ಎಂದು ನಮ್ಮತ್ತೆಯವರು ಹೇಳುತ್ತಿರುತ್ತಾರೆ. ಅವರ ಕಾಲಕ್ಕೆ ಅದು ಸರಿ. ಈಗ ಕಣ್ಣಿಗೆ ಕಾಣದ ಬೀಗಗಳೂ ಮನೆಗೆ ಬಂದು ಕೂತಿವೆ. ಅಂಥದೊಂದು ಬೀಗ ಕಳೆದ ಮಳೆಗಾಲದಲ್ಲಿ ನನ್ನನ್ನು ಹೇಗೆ ಕಾಡಿಸಿತು ಎಂಬ ಕಥೆ ಇದು. ನಗು ಬಂದರೆ ನಕ್ಕುಬಿಡಿ. ಆದರೆ ಕೊನೆಯ ನಾಲ್ಕು ಮಾತನ್ನು ಮಾತ್ರ ಎಲ್ಲಾದರೂ ಗುರುತು ಹಾಕಿಟ್ಟುಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ದಾಟಿ ಗುಡ್ಡ ಹತ್ತಬೇಕು. ಹತ್ತಿದರೂ ಮಾತಿಗಷ್ಟೇ ಸಾಕು, ಇಂಟರ್‌ನೆಟ್ಟಿಗಲ್ಲ. ಹಾಗಾಗಿ ಮನೆಗೆ ಕೇಬಲ್ಲು ಎಳೆಸಿದ್ದೇವೆ. ಅದು ಗೋಡೆಯ ಮೇಲಿನ ಸಣ್ಣ ಡಬ್ಬಿಗೆ ಬರುತ್ತದೆ, ಅಲ್ಲಿಂದ ರೂಟರ್ ಎಂಬ ಪೆಟ್ಟಿಗೆಗೆ. ಆ ಪೆಟ್ಟಿಗೆ ಅದನ್ನು ವೈಫೈ ಮಾಡಿ ಮನೆಯೊಳಗೆಲ್ಲ ಹಂಚುತ್ತದೆ. ಮೇ ತಿಂಗಳ ಒಂದು ಸಿಡಿಲಿಗೆ ರೂಟರ್ ಸುಟ್ಟುಹೋಯಿತು. ಗೋಡೆಯ ಡಬ್ಬಿ ಪುಣ್ಯಕ್ಕೆ ಉಳಿಯಿತು. ತೋಟಕ್ಕೆ ಔಷಧಿ ಹೊಡೆಸುವ ಖರ್ಚಿನ ಸಮಯ. "ಹೊಸದು ಯಾಕೆ, ಇದೇ ಸಾಕು" ಎಂದು ನಮ್ಮ ಯಜಮಾನರು ಶಿವಮೊಗ್ಗದಿಂದ 500 ರೂಪಾಯಿಗೆ ಯಾರೋ ಬಳಸಿ ಬಿಟ್ಟ ರೂಟರ್ ತಂದು ಮೇಜಿನ ಮೇಲಿಟ್ಟು, ಮಾರನೆಯ ದಿನವೇ ಹುಬ್ಬಳ್ಳಿಗೆ ಹೋದರು.

ಮಗಳು ಸಿಇಟಿ ಬರೆದಿದ್ದಳು. ಯಾವ ಕಾಲೇಜು ಮೊದಲು, ಯಾವುದು ನಂತರ ಎಂದು ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ ಸಾಲಾಗಿ ತುಂಬಬೇಕಲ್ಲ, ಅದಕ್ಕೆ ಮರುದಿನವೇ ಕೊನೆಯ ದಿನ. ಶಿವಮೊಗ್ಗದ ಕೃಷಿ ಕಾಲೇಜು ಅವಳ ಚಿಕ್ಕಂದಿನ ಆಸೆ. ಪೇಟೆಗೆ ಹೋಗಿ ತುಂಬೋಣವೆಂದರೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತ್ತು.

ಸಂಜೆ ಅವಳು ಹೊಸ ಪೆಟ್ಟಿಗೆಗೆ ತಂತಿ ಸಿಕ್ಕಿಸಿದಳು. ದೀಪ ಹತ್ತಿತು. ಮೊಬೈಲಿನಲ್ಲಿ ನೋಡಿದರೆ ಯಾರದೋ ಮನೆಯ ಹೆಸರಿನ ವೈಫೈ! "ಅಮ್ಮಾ, ಇದು ಇನ್ನೂ ಹಳೇ ಮನೆ ಹೆಸರನ್ನೇ ಹೇಳ್ತಿದೆ" ಎಂದಳು. ಅತ್ತೆಯವರು ಕೂತಲ್ಲಿಂದಲೇ, "ಹೊಸ ಸೊಸೆ ಅಲ್ವೇನೇ, ತವರಿನ ಹೆಸರು ಹೇಳದೆ ಇನ್ಯಾರ ಹೆಸರು ಹೇಳ್ತದೆ?" ಎಂದರು.

ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡಿಗೆ ವೈಫೈ ಸೇರಿಕೊಂಡಿತು. ಇಂಟರ್‌ನೆಟ್ ಮಾತ್ರ ಇಲ್ಲ. ನಮ್ಮ ಕನೆಕ್ಷನ್ನಿನ ವಿವರವನ್ನು ಪೆಟ್ಟಿಗೆಯೊಳಗೆ ಬರೆಯಬೇಕಂತೆ, ಅದಕ್ಕೆ ಒಳಗೆ ಹೋಗಬೇಕಂತೆ. ಪೆಟ್ಟಿಗೆಯ ತಳದ ಚೀಟಿಯಲ್ಲಿ 192.168.0.1 ಎಂಬ ವಿಳಾಸವೂ, ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದೂ ಇತ್ತು. ಮೊದಲು ಆ ಪುಟವೇ ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ತೆರೆದಾಗ ಅಡ್ಮಿನ್ ಎಂದರೂ ತಪ್ಪು, ವೈಫೈ ಪಾಸ್‌ವರ್ಡು ಹಾಕಿದರೂ ತಪ್ಪು. ಮಗಳು ತೋಚಿದ್ದೆಲ್ಲ ಹಾಕುತ್ತ ಹೋದಳು. ಕೊನೆಗೆ ಅದು ಮುನಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಬಾಗಿಲು ಹಾಕಿಕೊಂಡಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಕತ್ತಲಲ್ಲಿ ಮಗಳು ಬಿಕ್ಕುವುದು ಕೇಳಿಸಿತು. "ಅಪ್ಪ ಇದ್ದಿದ್ರೆ ಆಗ್ತಿತ್ತು" ಎಂದಳು. ಆ ಮಾತು ನನ್ನ ಎದೆಗೆ ನಾಟಿತು. ಅಪ್ಪನಿಗೂ ಇದರ ಗಂಧವಿಲ್ಲ, ಅದು ಬೇರೆ ಮಾತು. ಆದರೆ ಅಮ್ಮ ಇದ್ದಾಳಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲವಲ್ಲ!

ಬೆಳಗ್ಗೆ ಬೆಳಕು ಹರಿಯುತ್ತಲೇ ಕೊಡೆ ಹಿಡಿದು, ಹಾಲಿನ ಲೆಕ್ಕದ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಗುಡ್ಡ ಹತ್ತಿದೆ. ಕಾಲಿಗೆ ಇಂಬಳ ಹತ್ತಿದ್ದೂ ಗೊತ್ತಾಗಲಿಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಫೋನು ಮಾಡಿದೆ. ಪಾಪ, ನಿದ್ದೆಗಣ್ಣಿನಲ್ಲೇ ಕೇಳಿದ.

"ದೊಡ್ಡಮ್ಮಾ, ಅದರಲ್ಲಿ ಎರಡು ಬೀಗ ಇರ್ತವೆ. ವೈಫೈ ಪಾಸ್‌ವರ್ಡು ಅಂದ್ರೆ ಗೇಟಿನ ಬೀಗ. ಅಡ್ಮಿನ್ ಪಾಸ್‌ವರ್ಡು ಒಳಗಿನ ತಿಜೋರಿ ಬೀಗ. ಒಂದರ ಕೈ ಇನ್ನೊಂದಕ್ಕೆ ಹಿಡಿಯಲ್ಲ. ತಿಜೋರಿದನ್ನ ಹಳೇ ಮನೆಯವರು ಬದಲಾಯಿಸಿಬಿಟ್ಟಿದ್ದಾರೆ, ನೀವು ಎಷ್ಟು ಊಹೆ ಮಾಡಿದ್ರೂ ಸಿಗಲ್ಲ."

"ಹಾಗಾದ್ರೆ ಗತಿ ಏನೋ?"

"ರಿಸೆಟ್ ಮಾಡಿ. ಹಿಂದೆ ಒಂದು ಸಣ್ಣ ತೂತು ಇರ್ತದೆ. ಕರೆಂಟು ಹಾಕಿಟ್ಟು ಅದರೊಳಗೆ ಕಡ್ಡಿ ಹಾಕಿ ಹತ್ತು ಸೆಕೆಂಡು ಒತ್ತಿ ಹಿಡೀರಿ. ದೀಪ ಎಲ್ಲ ಒಟ್ಟಿಗೆ ಮಿನುಗಿದ ಮೇಲೆ ಬಿಡಿ. ಹಳೇದೆಲ್ಲ ಅಳಿಸಿಹೋಗ್ತದೆ, ತಳದ ಚೀಟಿಯಲ್ಲಿರೋದು ಮತ್ತೆ ನಿಜ ಆಗ್ತದೆ. ಆದ್ರೆ ಒಂದು, ಕನೆಕ್ಷನ್ ಕೊಟ್ಟವರು ನಿಮ್ಮ ಐಡಿ, ಪಾಸ್‌ವರ್ಡು ಬರೆದುಕೊಟ್ಟಿರ್ತಾರಲ್ಲ, ಆ ಕಾಗದ ಮೊದಲು ಹುಡುಕಿ ಇಟ್ಕೊಳ್ಳಿ."

ಎಲ್ಲವನ್ನೂ ಹಾಲಿನ ಲೆಕ್ಕದ ಕೆಳಗೆ ಬರೆದುಕೊಂಡು ಇಳಿದು ಬಂದೆ. ಯಜಮಾನರ ಮೇಜು, ಕಪಾಟು, ಕೋಟಿನ ಜೇಬು, ಎಲ್ಲ ಜಾಲಾಡಿದೆವು. ಕಾಗದ ಇಲ್ಲ. ಆಮೇಲೆ ತಟ್ಟನೆ ನೆನಪಾಯಿತು. ಕನೆಕ್ಷನ್ ಹಾಕಿದ ದಿನ ಇವರು ಅದನ್ನು ಊಟದ ಮೇಜಿನ ಮೇಲೇ ಬಿಟ್ಟಿದ್ದರು, ನಾನು ಎತ್ತಿಟ್ಟಿದ್ದೆ. ಎಲ್ಲಿ? ನನ್ನ ಅಡುಗೆ ಪುಸ್ತಕದಲ್ಲಿ! ಪತ್ರೊಡೆ ಬರೆದ ಹಾಳೆಯ ಸಂದಿಯಲ್ಲಿ ಎಣ್ಣೆ ಕಲೆಯೊಂದಿಗೆ ತಣ್ಣಗೆ ಮಲಗಿತ್ತು.

ಹನ್ನೊಂದಕ್ಕೆ ಕರೆಂಟು ಬಂತು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ತೆಗೆದೆ. "ಅದು ಚೂಪು ಅಮ್ಮಾ, ಒಳಗೆ ಏನಾದ್ರೂ ಕಿತ್ತು ಬಂದ್ರೆ?" ಎಂದಳು ಮಗಳು. ಪೊರಕೆಯಿಂದ ಒಂದು ಗಟ್ಟಿ ತೆಂಗಿನ ಕಡ್ಡಿ ಮುರಿದು, ಮೊಂಡು ತುದಿಯನ್ನು ತೂತಿಗೆ ಹಾಕಿ ಒತ್ತಿದೆ. ಮಗಳು ಹತ್ತು ಎಣಿಸಿದಳು. ದೀಪಗಳೆಲ್ಲ ಒಮ್ಮೆಗೇ ಮಿನುಗಿದವು. ಯಾರದೋ ಮನೆಯ ಹೆಸರು ಮಾಯವಾಗಿ, ತಳದ ಚೀಟಿಯಲ್ಲಿದ್ದ ಹೆಸರೇ ಬಂತು. ಹತ್ತು ಸೆಕೆಂಡಿನಲ್ಲಿ ಹಳೆಯ ಮನೆಯನ್ನು ಪೂರ್ತಿ ಮರೆತುಬಿಟ್ಟಿತು. ಪೆಟ್ಟಿಗೆಯಾದ್ದರಿಂದ ಆಯಿತು, ನಮ್ಮಿಂದ ಇಪ್ಪತ್ತೈದು ವರ್ಷವಾದರೂ ಆಗದ ಕೆಲಸ!

ಈ ಸಲ ಅಡ್ಮಿನ್ ಎಂದೊಡನೆ ಬಾಗಿಲು ತೆರೆಯಿತು. ಮೊದಲ ಕೆಲಸವಾಗಿ, ಹೊಸ ಪಾಸ್‌ವರ್ಡು ಇಡು ಎಂದಿತು, ಇಟ್ಟೆವು. ಆಮೇಲೆ ಕಾಗದ ನೋಡಿ ನಮ್ಮ ಐಡಿ, ಪಾಸ್‌ವರ್ಡು ಬರೆದೆವು. ಆದರೂ ಇಂಟರ್‌ನೆಟ್ ಇಲ್ಲ! ಮಗಳ ಮುಖ ಮತ್ತೆ ಬಾಡಿತು. ನಾನು ಕನ್ನಡಕ ಹಾಕಿಕೊಂಡು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪಾಸ್‌ವರ್ಡಿನ ನಡುವೆ ಒಂದು ಗುಂಡನೆಯ ಅಕ್ಷರ. ಮಗಳು ಅದನ್ನು ಸೊನ್ನೆ ಎಂದು ಒತ್ತಿದ್ದಳು. ಅದೇ ಕೈಬರಹದಲ್ಲಿ ಕೆಳಗೊಂದು ಫೋನ್ ನಂಬರಿತ್ತು. ಅದರ ಸೊನ್ನೆಗಳೆಲ್ಲ ಕೋಳಿಮೊಟ್ಟೆಯ ಹಾಗೆ ಉದ್ದ, ಇದು ಮಾತ್ರ ನಾಣ್ಯದ ಹಾಗೆ ದುಂಡಗೆ. "ಇದು ಸೊನ್ನೆ ಅಲ್ಲ ಕಣೇ, ಇಂಗ್ಲಿಷಿನ ದೊಡ್ಡ ಓ" ಎಂದೆ. ದಿನಸಿ ಅಂಗಡಿಯ ಚೀಟಿ ಓದಿ ಪಳಗಿದ ಕಣ್ಣು, ಸುಮ್ಮನೆಯೇ? ತಿದ್ದಿದಳು. ಹಸಿರು ದೀಪ ಹತ್ತಿತು. ಮಗಳು ನನ್ನನ್ನು ತಬ್ಬಿಕೊಂಡಳು. ಸಂಜೆಯೊಳಗೆ ಸಾಲು ತುಂಬಿ ಮುಗಿಸಿದಳು. ಮೊದಲ ಹೆಸರು ಶಿವಮೊಗ್ಗದ ಕೃಷಿ ಕಾಲೇಜಿನದೇ.

ಇನ್ನು ಆ ನಾಲ್ಕು ಮಾತು. ಒಂದು, ಹಳೆಯ ರೂಟರ್ ಕೊಳ್ಳುವಾಗ ಅದರದೇ ಅಡಾಪ್ಟರ್ ಕೇಳಿ ಪಡೆಯಿರಿ. ಒಂದಕ್ಕೆ 9 ವೋಲ್ಟ್ ಬೇಕಾದರೆ ಇನ್ನೊಂದಕ್ಕೆ 12, ಅದಲುಬದಲಾದರೆ ಪೆಟ್ಟಿಗೆ ಕೆಡಬಹುದು. ಎರಡು, ಪುಟ ತೆರೆಯದಿದ್ದರೆ ಮೊಬೈಲಿನ ಡೇಟಾ ಆರಿಸಿ, ವಿಳಾಸವನ್ನು ಹುಡುಕುವ ಜಾಗದಲ್ಲಲ್ಲ, ಮೇಲಿನ ವಿಳಾಸದ ಪಟ್ಟಿಯಲ್ಲೇ ಬರೆಯಿರಿ. ನಮ್ಮದು ಮೊದಲು ತೆರೆಯದೇ ಇದ್ದದ್ದು ಇದಕ್ಕೇ. ಕೆಲವು ಪೆಟ್ಟಿಗೆಗಳ ವಿಳಾಸ 192.168.1.1 ಎಂದಿರುತ್ತದೆ. ಮೂರು, ಬಳಸಿದ ಪೆಟ್ಟಿಗೆ ಮನೆಗೆ ಬಂದೊಡನೆ ಊಹೆಯ ಆಟ ಆಡದೆ ರಿಸೆಟ್ ಮಾಡಿ, ಆದರೆ ನಿಮ್ಮ ಕನೆಕ್ಷನ್ನಿನ ಕಾಗದ ಕೈಯಲ್ಲಿ ಹಿಡಿದ ಮೇಲೆಯೇ. ನಿಮ್ಮ ಹಳೆಯದನ್ನು ಮಾರುವಾಗಲೂ ಹಾಗೆಯೇ ಅಳಿಸಿಯೇ ಕೊಡಿ. ನಾಲ್ಕು, ಎರಡೂ ಬೀಗಕ್ಕೆ ನಿಮ್ಮದೇ ಹೊಸ ಪಾಸ್‌ವರ್ಡು ಇಟ್ಟು, ನಿಮಗೆ ಸಿಗುವ ಕಡೆ ನೀವೇ ಬರೆದಿಡಿ.

ಮೂರನೆಯ ದಿನ ಯಜಮಾನರು ಬಂದರು. ವೈಫೈ ನೋಡಿ, "ಅರೇ, ಯಾರು ಬಂದು ಸರಿ ಮಾಡಿಕೊಟ್ರು? ದುಡ್ಡೆಷ್ಟು ತಗೊಂಡ?" ಎಂದರು. ನಾನು ಕಾಫಿ ಸೋಸುತ್ತ ಸುಮ್ಮನಿದ್ದೆ. ಮಗಳೇ ಹೇಳಿದಳು, "ಅಮ್ಮ ಇದ್ದಳಲ್ಲಪ್ಪಾ."

ಆ ಕಾಗದ ಈಗಲೂ ಪತ್ರೊಡೆಯ ಹಾಳೆಯಲ್ಲೇ ಇದೆ. ಪಕ್ಕದಲ್ಲಿ ಹೊಸ ಪಾಸ್‌ವರ್ಡುಗಳನ್ನು ನನ್ನ ಅಕ್ಷರದಲ್ಲೇ ಬರೆದಿಟ್ಟಿದ್ದೇನೆ, ಸೊನ್ನೆ ಯಾವುದು, ಓ ಯಾವುದು ಎಂದು ಬಿಡಿಸಿ.