ಸಡಿಲಿದ ಕಡಿವಾಣ

ಬಹುಕಾಲದವರೆಗೆ ಜಠರದ ಹುಣ್ಣೆಂದರೆ ಹುಳಿಖಾರಗಳ ಹಾಗೂ ಮನಃಕ್ಲೇಶದ ಫಲವೆಂದೇ ಬಲ್ಲವರು ನುಡಿಯುತ್ತಿದ್ದರು. ಆಮ್ಲವಿಲ್ಲದಲ್ಲಿ ಹುಣ್ಣೂ ಇಲ್ಲವೆಂಬ ಸೂತ್ರವನ್ನು 1910ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಮುಂದಿಟ್ಟ ಮೇಲೆ ಚಿಕಿತ್ಸೆಯೆಲ್ಲವೂ ಆಮ್ಲದೊಡನೆ ಹೂಡಿದ ಸಮರವಾಯಿತು. ರೋಗಿಯು ಸಪ್ಪೆ ಪಥ್ಯ ಹಿಡಿದನು. ಚಿಂತೆ ಬಿಡೆಂಬ ಬುದ್ಧಿವಾದವನ್ನು ಕೇಳಿದನು. ಕೆಲವೊಮ್ಮೆ ಜಠರದ ಒಂದು ಭಾಗವನ್ನೇ ಶಸ್ತ್ರವೈದ್ಯರಿಗೆ ಒಪ್ಪಿಸಿದನು. 1976ರಲ್ಲಿ ಬಳಕೆಗೆ ಬಂದ ಸಿಮೆಟಿಡಿನ್ ಗುಳಿಗೆ ಆಮ್ಲವನ್ನು ತಗ್ಗಿಸಿ ಹುಣ್ಣನ್ನು ಮಾಯಿಸಿತು. ಆದರೆ ಗುಳಿಗೆಯನ್ನು ನಿಲ್ಲಿಸಿದರೆ ಅನೇಕರಲ್ಲಿ ಹುಣ್ಣು ಮರುಕಳಿಸುತ್ತಿತ್ತು. ಕೊಂಬೆ ಕಡಿದರೂ ಬೇರು ಉಳಿದಿತ್ತು.

ಆ ಬೇರು ಗೋಚರಿಸಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. 1979ರಲ್ಲಿ ರಾಬಿನ್ ವಾರನ್ ಅವರು ಜಠರದ ಒಳಪೊರೆಯ ತುಣುಕಿನಲ್ಲಿ ಬಾಗಿದ ಸೂಕ್ಷ್ಮಾಣುಗಳನ್ನು ಕಂಡರು. ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿ ಅವನ್ನು ಬೆಳೆಸಲು ಯತ್ನಿಸಿದಾಗ, 1982ರ ಈಸ್ಟರ್ ರಜೆಯ ದೆಸೆಯಿಂದ ಹೆಚ್ಚು ದಿನ ಉಳಿದುಹೋದ ತಟ್ಟೆಯಲ್ಲಿ ಅವು ಮೊದಲಿಗೆ ಬೆಳೆದವು. ಆದರೂ ಪಂಡಿತರಲ್ಲಿ ಬಹುಮಂದಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಆ ಸೂಕ್ಷ್ಮಾಣುಗಳನ್ನು ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ತೊಡಗಿತು. ಪರೀಕ್ಷೆಯಲ್ಲಿ ಜಠರದ ಉರಿಯೂತ ಸ್ಪಷ್ಟವಾಯಿತು. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎನಿಸಿಕೊಂಡಿರುವ ಆ ಜೀವಿಯ ಶೋಧಕ್ಕಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಅಲ್ಪಜೀವಿ ಆಮ್ಲವನ್ನು ಕೆರಳಿಸುವ ಬಗೆ ವಿಚಾರಾರ್ಹವಾದುದು. ಜಠರದ ಕೆಳಭಾಗದ ಕೆಲವು ಕೋಶಗಳು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಸ್ರವಿಸಿ ಆಮ್ಲೋತ್ಪತ್ತಿಗೆ ಪ್ರೇರಣೆ ನೀಡುತ್ತವೆ; ನೆರೆಯ ಕೋಶಗಳು ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನಿನಿಂದ ಅದಕ್ಕೆ ಕಡಿವಾಣ ಹಾಕುತ್ತವೆ. ಸೂಕ್ಷ್ಮಾಣು ಅಲ್ಲಿ ನೆಲೆಸಿ ಉರಿಯೂತ ಹುಟ್ಟಿಸಿದಾಗ ಈ ಎರಡನೆಯದು ಕ್ಷೀಣಿಸುತ್ತದೆ. ಗ್ಯಾಸ್ಟ್ರಿನ್ ಏರುತ್ತದೆ, ಮಿತಿಮೀರಿದ ಆಮ್ಲವು ಸಣ್ಣಕರುಳಿನ ಮೊದಲ ಭಾಗಕ್ಕೆ ಹರಿದು ಅಲ್ಲಿ ಹುಣ್ಣಿಗೆ ಎಡೆಮಾಡಿಕೊಡುತ್ತದೆ.

ಸೂಕ್ಷ್ಮಾಣುನಾಶಕ ಔಷಧಿಗಳೊಡನೆ ಆಮ್ಲಶಾಮಕವನ್ನೂ ಸೇರಿಸಿ ಸಾಮಾನ್ಯವಾಗಿ 14 ದಿನ ಕೊಡುವುದು ಇಂದಿನ ಪದ್ಧತಿ. ಆಮ್ಲಶಾಮಕವು ತಾನೇ ಗ್ಯಾಸ್ಟ್ರಿನ್ನನ್ನು ಏರಿಸುವುದರಿಂದ, ಚಿಕಿತ್ಸೆಯ ನಿಜವಾದ ಫಲ ತಿಳಿಯುವುದು ಅದನ್ನು ನಿಲ್ಲಿಸಿದ ಮೇಲೆಯೇ. ಸೂಕ್ಷ್ಮಾಣು ಅಳಿದಿದ್ದರೆ ಸೊಮ್ಯಾಟೋಸ್ಟ್ಯಾಟಿನ್ ಚೇತರಿಸಿಕೊಂಡು ಗ್ಯಾಸ್ಟ್ರಿನ್ ಇಳಿದಿರುತ್ತದೆ. ಹೆಚ್ಚಿದ್ದ ಆಮ್ಲವೂ ಕಾಲಕ್ರಮದಲ್ಲಿ ಹದಕ್ಕೆ ಬರುತ್ತದೆ.

ಸೋಂಕು ಜಠರದ ಮೇಲ್ಭಾಗಕ್ಕೂ ವ್ಯಾಪಿಸಿ ಆಮ್ಲಗ್ರಂಥಿಗಳನ್ನು ಕುಗ್ಗಿಸಿದ್ದವರಲ್ಲಿ ಆಗುವುದು ಇದಕ್ಕೆ ವಿರುದ್ಧ: ಗ್ರಂಥಿಗಳು ಪೂರ್ತಿ ನಶಿಸಿರದಿದ್ದರೆ ಇಂಗಿದ್ದ ಆಮ್ಲ ಮತ್ತೆ ಒಸರತೊಡಗುತ್ತದೆ. ಒಂದೇ ಚಿಕಿತ್ಸೆ ಒಬ್ಬನಲ್ಲಿ ಆಮ್ಲವನ್ನು ಇಳಿಸುತ್ತದೆ, ಇನ್ನೊಬ್ಬನಲ್ಲಿ ಏರಿಸುತ್ತದೆ. ಇಬ್ಬರನ್ನೂ ಸಹಜಸ್ಥಿತಿಯತ್ತ ಒಯ್ಯುತ್ತದೆ. ಅಡ್ಡಿಯನ್ನು ನಿವಾರಿಸುವುದಷ್ಟೇ ವೈದ್ಯರ ಕೆಲಸ. ಉಳಿದುದನ್ನು ದೇಹವು ತಾನೇ ಸರಿಪಡಿಸಿಕೊಳ್ಳುತ್ತದೆ.

ಎಲ್ಲ ಹುಣ್ಣುಗಳಿಗೂ ಇದೊಂದೇ ಕಾರಣವಲ್ಲ. ನೋವುನಿವಾರಕ ಗುಳಿಗೆಗಳ ಅತಿಬಳಕೆಯೂ ಹುಣ್ಣು ತರುವುದುಂಟು. ಆದರೆ ತನ್ನ ಕ್ಲೇಶಕ್ಕೆ ತನ್ನ ಮನಸ್ಸೇ ಹೊಣೆಯೆಂದು ನಂಬಿ ವರ್ಷಗಟ್ಟಲೆ ಕುಗ್ಗಿದ ರೋಗಿಗಳೆಷ್ಟೋ! ಹೊಟ್ಟೆಯ ನೋವಿನ ಜೊತೆಗೆ ತಪ್ಪಿತಸ್ಥನೆಂಬ ನೋವನ್ನೂ ಅವರು ಹೊತ್ತರು. ಪರ್ತಿನ ಇಬ್ಬರು ವೈದ್ಯರು ಮೊದಲನೆಯದಕ್ಕೆ ಮದ್ದನ್ನು ತೋರಿದರು. ಎರಡನೆಯ ಹೊರೆಯನ್ನೂ ಇಳಿಸಿದರು. ನೊಂದವನ ಮೇಲೆ ದೋಷ ಹೊರಿಸುವ ಮುನ್ನ ಕಾರಣವನ್ನು ಹುಡುಕಬೇಕೆಂಬುದೇ ಈ ಶೋಧವು ಕಲಿಸಿದ ಪಾಠ.