ಟೋಪಿ ಹಾಕಿದವನು ನಾನೇ



ಈ ಸಲದ ಗೋಡೆ ಪತ್ರಿಕೆಗೆ ‘ನಾನು ಕಲಿತ ಒಂದು ಕೆಲಸ’ ಎಂಬ ವಿಷಯದ ಮೇಲೆ ಬರೆಯಬೇಕೆಂದು ಗುರುಗಳು ಹೇಳಿದ್ದಾರೆ. ಕೆಲವರು ಸೈಕಲ್ ಕಲಿತದ್ದು ಬರೆದಿದ್ದಾರೆ, ಕೆಲವರು ಈಜು ಕಲಿತದ್ದು ಬರೆದಿದ್ದಾರೆ. ನಾನು ಉಲ್ಲನ್ ಟೋಪಿ ಹೆಣೆಯಲು ಕಲಿತದ್ದನ್ನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಹೆಣೆಯುವುದಕ್ಕೆ ‘ಉಲ್ಲನ್ ಹಾಕೋದು’ ಅಂತಾರೆ. ಅದಕ್ಕೇ ಈ ತಲೆಬರಹ. ಯಾರಿಗೋ ಮೋಸ ಮಾಡಿದ ಕಥೆ ಅಂದುಕೊಳ್ಳಬೇಡಿ. ಆದರೆ ಸ್ವಲ್ಪ ಮೋಸವೂ ಇದೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಮಲೆನಾಡಿನ ಮಳೆ ನಿಮಗೆಲ್ಲ ಗೊತ್ತೇ ಇದೆ. ನಮ್ಮಜ್ಜ ಬೆಳಗ್ಗೆ ಐದು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ಕಂಬಳಿ ಕೊಪ್ಪೆ ಹಾಕಿದರೂ ಕಿವಿಗೆ ಥಂಡಿ ಹೊಡೆದು ನೋವು ಬರುತ್ತದೆ. ಮೊದಲು ಅಜ್ಜಿ ಹಾಕಿಕೊಟ್ಟ ಟೋಪಿ ಇತ್ತು. ಹೋದ ವರ್ಷ ಅದನ್ನು ಇಲಿ ಕಡಿದು ಹಾಳು ಮಾಡಿತು. ಈ ವರ್ಷ ಆರಿದ್ರಾ ಮಳೆ ಶುರುವಾದಾಗ ಅಪ್ಪ ಪೇಟೆಯಿಂದ ಕೆಂಪು ಮತ್ತು ಬಿಳಿ ಉಲ್ಲನ್ ತಂದರು. ಉಲ್ಲನ್ ಅಂತ ಹೆಸರು ಅಷ್ಟೇ, ಅದು ಕುರಿಯ ಉಣ್ಣೆ ಅಲ್ಲ. ಕಂಬಳಿ ಕುರಿಯ ಉಣ್ಣೆಯದು, ಈ ದಾರ ಅಕ್ರಿಲಿಕ್.

ಅಜ್ಜಿ ಕಡ್ಡಿ ಹಿಡಿದು ಕೂತರು. ಅಂಚು ಚೆನ್ನಾಗಿಯೇ ಬಂತು. ಆದರೆ ಎರಡು ಬಣ್ಣದ ಹೂವಿನ ಸಾಲು ಬಂದಾಗ ನಿಲ್ಲಿಸಿಬಿಟ್ಟರು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. “ಬೆರಳಿಗೆ ಕುಣಿಕೆ ಗೊತ್ತಾಗುತ್ತೆ ಮಗಾ, ಬಣ್ಣ ಗೊತ್ತಾಗಲ್ಲ” ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಒಂಥರಾ ಆಯಿತು. “ನಾನು ಹಾಕ್ತೀನಿ, ಹೇಳಿಕೊಡಿ ಅಜ್ಜಿ” ಅಂದೆ. ಅಜ್ಜಿ ನಕ್ಕು, “ಹಾಗಾದರೆ ನೀನು ಬಣ್ಣ ನೋಡು, ನಾನು ಬಿಗಿ ನೋಡ್ತೀನಿ” ಅಂದರು.

ಅಜ್ಜಿ ಎಲ್ಲ ಬಿಚ್ಚಿ ಮೊದಲಿನಿಂದ ಕಲಿಸಿದರು. ಹೇಗೆ ಅಂತ ಬರೆಯುತ್ತೇನೆ. ಮೊದಲು ಕಡ್ಡಿಗೆ 112 ಕುಣಿಕೆ ಏರಿಸಬೇಕು. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ ಹಾಕುತ್ತಾ ಹೋಗಬೇಕು. ಹೀಗೆ ಹಾಕಿದರೆ ಅಂಚು ರಬ್ಬರಿನ ಹಾಗೆ ಹಿಗ್ಗುತ್ತದೆ, ಕಿವಿಯ ಮೇಲೆ ಗಟ್ಟಿ ಕೂರುತ್ತದೆ. ಆಮೇಲೆ ಹೂವು. ಒಂದು ಸಾಲಿನಲ್ಲಿ ಮೂರು ಕೆಂಪು, ಒಂದು ಬಿಳಿ. ಅದರ ಮೇಲಿನ ಸಾಲಿನಲ್ಲಿ ಒಂದು ಕೆಂಪು, ಮೂರು ಬಿಳಿ. ಮತ್ತೆ ಮೂರು ಕೆಂಪು, ಒಂದು ಬಿಳಿ. ಮೂರು ಸಾಲು ಸೇರಿದರೆ ತುಂಬೆ ಹೂವಿನಷ್ಟು ಚಿಕ್ಕ ಹೂವು ಆಗುತ್ತದೆ. ನಾನು ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಮೊದಲು ಬರೆದುಕೊಂಡೆ. 112ನ್ನು 4ರಿಂದ ಭಾಗಿಸಿದರೆ 28, ಅಂದರೆ ಒಂದು ಸುತ್ತಿಗೆ 28 ಹೂವು. ಒಂದು ಕುಣಿಕೆ ತಪ್ಪಿದರೂ ಮುಂದಿನ ಹೂವೆಲ್ಲ ಸೊಟ್ಟ. ದಾರ ಸಿಕ್ಕಾಗದಿರಲಿ ಅಂತ ಕೆಂಪು ಉಂಡೆಯನ್ನು ಎಡಗಡೆ ಒಂದು ಚೊಂಬಿನಲ್ಲಿ, ಬಿಳಿ ಉಂಡೆಯನ್ನು ಬಲಗಡೆ ಇನ್ನೊಂದು ಚೊಂಬಿನಲ್ಲಿ ಇಟ್ಟುಕೊಂಡೆ.

ಇದರಲ್ಲಿ ಕಷ್ಟ ಇರುವುದು ಬೆನ್ನಿನ ದಾರದಲ್ಲಿ. ಕೆಂಪು ಹಾಕುವಾಗ ಬಿಳಿ ದಾರ ಸುಮ್ಮನೆ ಹಿಂದಿನಿಂದ ನಡೆದು ಬರುತ್ತದೆ, ಬಿಳಿ ಹಾಕುವಾಗ ಕೆಂಪು ದಾರ ಬರುತ್ತದೆ. ಎದುರಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಚಂದ ಬರಲಿ ಅಂತ ನಾನು ಅದನ್ನು ಬಿಗಿಯಾಗಿ ಎಳೆದು ಎಳೆದು ಹಾಕಿದೆ. ಹದಿನೆಂಟು ಸಾಲು ಆದ ಮೇಲೆ ಅಜ್ಜನ ತಲೆಗೆ ಸುತ್ತಿ ನೋಡಿದರೆ ಎರಡು ತುದಿ ಸೇರಲೇ ಇಲ್ಲ! ನಡುವೆ ನಾಲ್ಕು ಬೆರಳು ಜಾಗ. ನನಗೆ ಅಳು ಬಂತು. ಅಜ್ಜಿ ಬೆನ್ನಿನ ಕಡೆ ಬೆರಳಾಡಿಸಿ, “ವೀಣೆ ತಂತಿ ಆಗಿದೆ ನೋಡು. ಬಿಚ್ಚು. ಬಿಚ್ಚಿದರೆ ದಾರ ಏನೂ ಸಾಯಲ್ಲ” ಅಂದರು. ಎರಡನೇ ಸಲ ಬಣ್ಣ ಬದಲಿಸುವ ಮೊದಲು ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲ ಮಾಡಿಕೊಂಡೆ. ಆಗ ಬೆನ್ನಿನ ದಾರ ಬೇಕಾದಷ್ಟು ಉದ್ದ ಬರುತ್ತದೆ. ತೀರಾ ಸಡಿಲವೂ ಆಗಬಾರದು, ಟೋಪಿ ಹಾಕುವಾಗ ಬೆರಳಿಗೆ ಸಿಕ್ಕುತ್ತದೆ. ಪ್ರತಿ ಸಾಲು ಮುಗಿದಾಗ ಅಜ್ಜಿ ಮುಟ್ಟಿ ನೋಡಿ “ಹೂಂ” ಅನ್ನುತ್ತಿದ್ದರು.

ಪುಷ್ಯ ಮಳೆಯ ಹೊತ್ತಿಗೆ ಅರ್ಧ ಆಗಿತ್ತು. ಒಂದು ಭಾನುವಾರ ನಮ್ಮ ತರಗತಿಯ ಮೂವರು ಗೆಳೆಯರು ಕೇರಂ ಆಡಲು ಮನೆಗೆ ಬಂದರು. ಅಂಗಳದಲ್ಲಿ ಅವರ ಧ್ವನಿ ಕೇಳಿದ್ದೇ ತಡ, ನಾನು ಹೆಣಿಗೆಯನ್ನು ಅಕ್ಕಿ ಚೀಲದ ಹಿಂದೆ ಎಸೆದೆ. ಆದರೆ ಕೆಂಪು ದಾರ ಹೊರಗೇ ಇತ್ತು. ಒಬ್ಬ ಅದನ್ನು ಎಳೆದು, “ಏನೋ ಮಾರಾಯ, ನೀನು ಹೆಣ್ಮಕ್ಕಳ ಹಾಗೆ ಉಲ್ಲನ್ ಹಾಕ್ತೀಯಾ?” ಅಂದ. ಎಲ್ಲರೂ ನಕ್ಕರು. “ಇಲ್ಲಪ್ಪ, ಅದು ಅಜ್ಜಿದು” ಅಂದೆ. “ನಿಮ್ಮಜ್ಜಿಗೆ ಕಣ್ಣು ಕಾಣಲ್ವಲ್ಲೋ?” ಅಂತ ಇನ್ನೊಬ್ಬ ಕೇಳಿದ. ಅಜ್ಜಿ ಅಲ್ಲೇ ಒಲೆ ಹತ್ತಿರ ಕೂತಿದ್ದರು. “ನಾನೇ ಹಾಕಿದ್ದು ಮಕ್ಕಳೇ” ಅಂದರು.

ಗೆಳೆಯರು ಹೋದ ಮೇಲೆ ಅಜ್ಜಿ ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಹೆಣಿಗೆ ಕೊಡು ಅಂದರು. ನಾನು ಎಸೆದಾಗ ಕಡ್ಡಿ ಜಾರಿ ಒಂಬತ್ತು ಕುಣಿಕೆ ಬಿಟ್ಟುಹೋಗಿದ್ದವು. ಅಜ್ಜಿ ಬೆರಳಿನಲ್ಲೇ ಹುಡುಕಿ ಹುಡುಕಿ ಒಂದೊಂದಾಗಿ ಕಡ್ಡಿಗೆ ಏರಿಸಿಕೊಟ್ಟರು. ಅರ್ಧ ಗಂಟೆ ಹಿಡಿಯಿತು.

ಕೊನೆಗೆ ನೆತ್ತಿಯ ಹತ್ತಿರ ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡಬೇಕು. 112 ಇದ್ದದ್ದು 56, ಆಮೇಲೆ 28, ಆಮೇಲೆ 14. ಆ ಹದಿನಾಲ್ಕರ ಒಳಗೆ ದಾರ ಪೋಣಿಸಿ ಎಳೆದು ಗಂಟು ಹಾಕಿದೆ. ಹಿಂದುಗಡೆ ದಬ್ಬಣದಿಂದ ಹೊಲಿದೆ. ಟೋಪಿ ಆಯಿತು! ಅಜ್ಜ ಕನ್ನಡಿ ಮುಂದೆ ಮೂರು ಸಲ ನಿಂತರು.

ಆಗಸ್ಟ್ 15ರಂದು ಅಜ್ಜ ಅದೇ ಟೋಪಿ ಹಾಕಿಕೊಂಡು ನಮ್ಮ ಶಾಲೆಗೆ ಬಂದಿದ್ದರು. ನೀವೆಲ್ಲ ನೋಡಿದ್ದೀರಿ. ಸಿಹಿ ಹಂಚುವಾಗ ಗುರುಗಳು, “ಎಷ್ಟು ಚೆನ್ನಾಗಿದೆ, ಯಾರು ಹಾಕಿದ್ದು?” ಅಂತ ಕೇಳಿದರು. ಅಜ್ಜ ನನ್ನ ಮುಖ ನೋಡಿದರು. ಆ ಮೂವರು ಗೆಳೆಯರು ನನ್ನ ಪಕ್ಕದಲ್ಲೇ ಇದ್ದರು. ನಾನು ಜೋರಾಗಿ “ನಮ್ಮಜ್ಜಿ ಸಾರ್” ಅಂದೆ. ಅಜ್ಜ ಏನೂ ಹೇಳದೆ ತಲೆ ತಗ್ಗಿಸಿದರು.

ಆವತ್ತು ಸಂಜೆ ಅಜ್ಜ ಟೋಪಿ ತೆಗೆದು ಕೊಟ್ಟಿಗೆ ಬಾಗಿಲಿನ ಮೊಳೆಗೆ ನೇತುಹಾಕಿದರು. “ಇನ್ನು ಮೇಲೆ ಇದನ್ನ ಕೊಟ್ಟಿಗೆಗೆ ಮಾತ್ರ ಹಾಕ್ಕೊಳ್ತೀನಿ ಕಣೋ. ಊರೊಳಗೆ ಹಾಕ್ಕೊಂಡು ಹೋದರೆ ಜನ ಕೇಳ್ತಾರೆ. ಕೇಳಿದರೆ ಸುಳ್ಳು ಹೇಳಬೇಕು” ಅಂದರು. ಈಗ ಅಜ್ಜ ಹಾಲಿನ ಡೈರಿಗೆ ಟವೆಲ್ ಸುತ್ತಿಕೊಂಡು ಹೋಗುತ್ತಾರೆ. ಹೋದ ವಾರ ಮತ್ತೆ ಕಿವಿ ನೋವು ಬಂದಿತ್ತು. ರಾತ್ರಿ ಅಮ್ಮ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ.

ಮೊನ್ನೆ ದಕ್ಷಿಣ ಅಮೆರಿಕ ಖಂಡದ ಪಾಠ ಮಾಡುವಾಗ ಗುರುಗಳು ಒಂದು ವಿಷಯ ಹೇಳಿದರು, ನೆನಪಿದೆಯಾ? ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಟಕೀಲೆ ಎಂಬ ದ್ವೀಪ ಇದೆ. ಆ ಸರೋವರ ಸಮುದ್ರ ಮಟ್ಟದಿಂದ 3,800 ಮೀಟರಿಗಿಂತ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಅದರ ಎರಡರಷ್ಟು ಹತ್ತಿರ ಹತ್ತಿರ! ಅಲ್ಲಿ ಬಣ್ಣ ಬಣ್ಣದ ಟೋಪಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕವರಿರುವಾಗಲೇ ಕಲಿಯುತ್ತಾರೆ. ಅವರ ಈ ಕಲೆಗೆ 2005ರಲ್ಲಿ ಯುನೆಸ್ಕೋ ಸಂಸ್ಥೆ ಮನ್ನಣೆ ಕೊಟ್ಟಿದೆ. ಇದನ್ನು ಕೇಳಿದಾಗ ನಮ್ಮ ತರಗತಿಯಲ್ಲಿ ಒಬ್ಬರೂ ನಗಲಿಲ್ಲ. “ಹೌದಾ ಸಾರ್?” ಅಂತ ಬಾಯಿ ಬಿಟ್ಟುಕೊಂಡು ಕೇಳಿದರು. ನಾನೂ ಟೋಪಿ ಹಾಕ್ತೀನಿ ಅಂತ ಹೇಳಲು ಬಾಯಿಗೆ ಬಂತು, ಆದರೆ ಹೇಳಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗೆಳೆಯರೇ, ಅಜ್ಜನ ಟೋಪಿ ಹಾಕಿದ್ದು ನಾನೇ. ಬಿಗಿ ನೋಡಿದ್ದು ಅಜ್ಜಿ. ಸಾಕ್ಷಿ ಬೇಕಾದರೆ ಎಡಗಿವಿಯ ಮೇಲಿನ ಹೂವು ನೋಡಿ. ಅಲ್ಲಿ ಒಂದು ಬಿಳಿ ಬರುವ ಕಡೆ ಎರಡು ಬಿಳಿ ಬಂದಿದೆ. ಅದು ನನ್ನದೇ ತಪ್ಪು, ಅಜ್ಜಿ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ನಗುವವರು ನಗಬಹುದು. ಕಲಿಯಬೇಕು ಅನ್ನುವವರು ಭಾನುವಾರ ಮನೆಗೆ ಬನ್ನಿ, ಎರಡು ಕಡ್ಡಿ ಹೆಚ್ಚಿಗೆ ಇವೆ.

ಈ ಬರಹ ಗೋಡೆಗೆ ಹಚ್ಚಿದ ದಿನ ಅಜ್ಜನಿಗೆ ಹೇಳುತ್ತೇನೆ. ಮಾರನೇ ದಿನ ಅವರು ಟೋಪಿ ಹಾಕಿಕೊಂಡು ಡೈರಿಗೆ ಬರಬಹುದು. ಬಂದರೆ, ಯಾರು ಹಾಕಿದ್ದು ಅಂತ ಒಂದು ಸಲ ಕೇಳಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ